ರಾತ್ರಿ ಎರಡೂವರೆಯ ಬಸ್ಸು

ಚಾಪೆಯ ಮೇಲೆ ಕೈಯಾಡಿಸಿದೆ. ಮಗ ಇರಲಿಲ್ಲ. ಹೊದಿಕೆ ತಣ್ಣಗಾಗಿತ್ತು. 2019ರ ಜುಲೈ, ಹೊರಗೆ ಆಷಾಢದ ಮಳೆ. ಸಂಜೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಬ್ಯಾಟರಿ ಹಿಡಿದು ಅಡುಗೆಮನೆ, ಬಚ್ಚಲು, ಅಟ್ಟದ ಏಣಿ ಎಲ್ಲ ನೋಡಿ ಜಗುಲಿಗೆ ಬಂದರೆ ಹೆಬ್ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಗಡಿಯಾರದಲ್ಲಿ 2.20. ಅವನಿಗೆ ಆಗ ಐದು ವರ್ಷ. ಆ ಚಿಲಕ ತೆಗೆಯಲು ಅವನಿಗೆ ಬರುವುದಿಲ್ಲ ಎಂದು ನಾವು ನಂಬಿಕೊಂಡಿದ್ದೆವು.

ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಮನೆಯೆದುರು ಅಂಗಳ, ಅಂಗಳ ಇಳಿದರೆ ಅಡಿಕೆ ತೋಟ, ತೋಟದ ಆಚೆ ಹಳ್ಳ. ಹಳ್ಳ ದಾಟುವುದಕ್ಕೆ ಅಡಿಕೆ ಮರ ಹಾಸಿದ ಸಂಕ. ನಾನು ಕೊಟ್ಟಿಗೆಯ ಕಡೆ ಓಡಿದೆ, ನಮ್ಮನೆಯವರು ಬಾವಿಯ ಕಡೆ. ಬಾವಿಯೊಳಗೆ ಬ್ಯಾಟರಿ ಬಿಟ್ಟು ಬಗ್ಗಿ ನೋಡಿದ ಆ ಗಳಿಗೆಯ ಬಗ್ಗೆ ಅವರು ಇವತ್ತಿನವರೆಗೂ ಒಂದು ಮಾತು ಆಡಿಲ್ಲ.

ಸಂಕದ ನಡುವೆ ಕೂತಿದ್ದ. ಕಾಲು ಇಳಿಬಿಟ್ಟಿದ್ದ. ಪಾದದಿಂದ ಒಂದು ಮೊಳ ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ಮೈಮೇಲೆ ಅಂಗಿ ಇರಲಿಲ್ಲ. ಕೂಗಲು ಬಾಯಿ ತೆರೆದ ನನ್ನನ್ನು ನಮ್ಮನೆಯವರು ಕೈ ಅಡ್ಡ ಹಿಡಿದು ತಡೆದರು. ಮಳೆಯ ನಡುವೆ ಅವನ ದನಿ ಕೇಳುತ್ತಿತ್ತು: "ಸಿದ್ದಾಪುರ, ಕಾನಸೂರು, ಶಿರಸಿ. ಶಿರಸಿ, ಶಿರಸಿ, ಶಿರಸಿ." ಕಂಡಕ್ಟರ್ ಕೂಗುವ ಅದೇ ಧಾಟಿ. ನಮ್ಮನೆಯವರು ಸಂಕದ ಮೇಲೆ ಕುಳಿತು ಒಂದೊಂದೇ ಗೇಣು ಜರುಗುತ್ತ ಹೋದರು. ಹಿಂದಿನಿಂದ ಅವನ ಸೊಂಟ ಬಳಸಿ ಹಿಡಿದು, ಅದೇ ಧಾಟಿಯಲ್ಲಿ, "ಶಿರಸಿ ಬಂತು, ಇಳೀರಿ ಇಳೀರಿ" ಎಂದರು. ಅವನು ಸುಮ್ಮನಾದ. ಇಬ್ಬರೂ ಕೂತಲ್ಲಿಂದಲೇ ಹಿಂದೆ ಸರಿಯುತ್ತ ದಡಕ್ಕೆ ಬಂದರು.

ಅದು ಒಂದು ರಾತ್ರಿಯ ಮಾತು. ಅದರ ಹಿಂದೆ ಎರಡು ವರ್ಷದ ರಾತ್ರಿಗಳಿದ್ದವು, ಮುಂದೆ ಮತ್ತೆ ಎರಡು ವರ್ಷದವು ಬಂದವು.

ಮಗ ಹುಟ್ಟಿದ್ದು 2014ರಲ್ಲಿ. ಮೂರು ತುಂಬುವವರೆಗೆ ಎಲ್ಲ ಸರಿ ಇತ್ತೆಂದು ಹೇಳಲಾರೆ. ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನಮ್ಮ ಕೈ ಹಿಡಿದು ಆ ವಸ್ತುವಿನ ಮೇಲೆ ಇಡುತ್ತಿದ್ದ. 2018ರಲ್ಲಿ ಮೈಸೂರಿಗೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಕಿವಿ ಕೇಳುತ್ತಿದೆ, ಇದು ಆಟಿಸಂ ಎಂದು ಅಲ್ಲಿ ಗೊತ್ತಾಯಿತು. ಮಾತು, ಆಟ, ಕಲಿಕೆಯ ಬಗ್ಗೆ ಅವರು ತಾಳ್ಮೆಯಿಂದ ಹೇಳಿಕೊಟ್ಟರು. ರಾತ್ರಿಯ ಬಗ್ಗೆ ನಾನೇ ಕೇಳಲಿಲ್ಲ. ಮಗು ರಾತ್ರಿ ಏಳುವುದು ತಾಯಿಯ ಪಾಡು, ಡಾಕ್ಟರಿಗೆ ಹೇಳುವಂಥದ್ದಲ್ಲ ಎಂದುಕೊಂಡಿದ್ದೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ, ಕೆಲವು ಲೆಕ್ಕಗಳಲ್ಲಿ ಅದು ಶೇಕಡಾ 80ರವರೆಗೂ ಹೋಗುತ್ತದೆ ಎಂದು ಅವತ್ತೇ ಗೊತ್ತಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಅವನು ಏಳುತ್ತಿದ್ದುದು ಎರಡರಿಂದ ಮೂರರ ಒಳಗೆ. ಅಳುತ್ತ ಏಳುವುದು ಕಡಿಮೆ. ಎದ್ದವನು ಜಗುಲಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ, ನಗುತ್ತಿದ್ದ, ಊರುಗಳ ಹೆಸರು ಹೇಳುತ್ತಿದ್ದ. ಅವನಿಗೆ ಬರುತ್ತಿದ್ದ ಮಾತು ಅಷ್ಟೇ. ತವರಿಗೆ ಹೋಗಿ ಬಂದ ಮೇಲೆ ಮಂಚಿಕೇರಿ, ಯಲ್ಲಾಪುರ ಸೇರಿಕೊಂಡವು. ಬೆಳಕು ಹರಿಯುವವರೆಗೆ ಮತ್ತೆ ಮಲಗುವುದು ಎಂಬುದೇ ಇಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ. ಐದೂವರೆಗೆ ಕೊಟ್ಟಿಗೆ ಕೆಲಸ, ಏಳಕ್ಕೆ ಎಲ್ಲರ ಆಸರಿ-ತಿಂಡಿ, ಆಮೇಲೆ ದಿನ. ಅವನು ಒಂಬತ್ತಕ್ಕೆ ಎಲ್ಲಿ ಕೂತನೋ ಅಲ್ಲೇ ನಿದ್ದೆ ಹೋಗಿ ಹನ್ನೊಂದೂವರೆಗೆ ಏಳುತ್ತಿದ್ದ. ನನಗೆ ಆ ಅವಕಾಶ ಇರಲಿಲ್ಲ.

ಒಂದು ರಾತ್ರಿ ಅತ್ತೆಗೆ ತಡೆಯಲಾಗಲಿಲ್ಲ. ಎದ್ದು ಒಲೆ ಹಚ್ಚಿ, ಹಿಟ್ಟು ಕಲಸಿ ಎರಡು ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಎರೆದು, ಬೆಲ್ಲ ಹಚ್ಚಿ ಕೊಟ್ಟರು. ತಿಂದು ಸುಮ್ಮನೆ ಕೂತ. ನನಗೂ ಹಾಯೆನಿಸಿತು. ಮರುದಿನ ಅದೇ ಹೊತ್ತಿಗೆ ಎದ್ದು ಅತ್ತೆಯ ಕೈ ಹಿಡಿದು ಒಲೆಯ ಹತ್ತಿರ ಎಳೆದ. ಅದರ ಮರುದಿನವೂ. ಹದಿನೈದು ದಿನದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಎರಡೂವರೆಗೆ ಒಲೆ ಉರಿಯುವುದು ರೂಢಿಯಾಯಿತು. ಅತ್ತೆ ಪ್ರೀತಿಯಿಂದ ಮಾಡಿದ್ದು ಅದು, ಅವರನ್ನು ದೂರುವುದಿಲ್ಲ. ಅವನ ದೇಹ ಮಾತ್ರ ಎರಡೂವರೆ ಎಂದರೆ ತಿಂಡಿಯ ಹೊತ್ತು ಎಂದು ಕಲಿತುಬಿಟ್ಟಿತು. ಅದನ್ನು ಮರೆಸುವುದಕ್ಕೆ ನಮಗೆ ಐದು ತಿಂಗಳು ಬೇಕಾಯಿತು.

ಇನ್ನೊಂದು ವಿಷಯ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. 2018ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ರಾತ್ರಿ ನಾನು ಅವನಿಗೆ ಹೊಡೆದೆ. ನನಗೆ ಜ್ವರವಿತ್ತು, ಮೂರು ರಾತ್ರಿ ಸತತವಾಗಿ ನಿದ್ದೆಯಿರಲಿಲ್ಲ. ಅವನು ನನ್ನ ಕೈಯಿಂದ ಕೊಸರಿಕೊಂಡು ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಬಾಗಿಲಿಗೆ ಓಡಿದಾಗ ಬೆನ್ನಿನ ಮೇಲೆ ಜೋರಾಗಿ ಹೊಡೆದೆ. ಅವನು ಅಳಲಿಲ್ಲ. ತಿರುಗಿ ಬಂದು, ಹೊಡೆದ ಕೈಯನ್ನೇ ಹಿಡಿದು, ತನ್ನ ಬೆನ್ನಿನ ಮೇಲೆ ಇಟ್ಟುಕೊಂಡು ಒತ್ತಿಕೊಂಡ. ಮತ್ತೆ ಹೊಡೆ ಎನ್ನುತ್ತಿದ್ದಾನೆಯೆ, ನೋವಾಯಿತು ಸವರು ಎನ್ನುತ್ತಿದ್ದಾನೆಯೆ, ನನಗೆ ತಿಳಿಯಲಿಲ್ಲ. ಬೆಳಗಿನವರೆಗೆ ಅಳುತ್ತ ಕೂತೆ. ಎಷ್ಟೋ ತಿಂಗಳಾದ ಮೇಲೆ ಒಬ್ಬ ಥೆರಪಿಸ್ಟ್ ಹೇಳಿದರು: ಇಂಥ ಕೆಲವು ಮಕ್ಕಳಿಗೆ ಹಗುರ ಸ್ಪರ್ಶ ಕಿರಿಕಿರಿ, ಬಿಗಿಯಾದ ಒತ್ತು ಹಿತ. ಅವತ್ತು ಅವನು ಕೇಳಿದ್ದು ಒತ್ತು. ಅದನ್ನು ಅವನಿಗೆ ಮೊದಲು ಕೊಟ್ಟದ್ದು ನನ್ನ ಏಟು ಎಂಬುದು ನನ್ನ ಜೊತೆ ಇರುತ್ತದೆ.

ಜನ ಹೇಳಿದ್ದನ್ನು ಉದ್ದ ಬೆಳೆಸುವುದಿಲ್ಲ. ನೋಟ ಕೇಳಿಸಿದೆವು, ತಾಯಿತ ಕಟ್ಟಿಸಿದೆವು, ಗೋಕರ್ಣಕ್ಕೆ ಹೋಗಿ ಶಾಂತಿ ಮಾಡಿಸಿ ಬಂದೆವು, ಶಿರಸಿಯ ಮಾರಿಕಾಂಬೆಗೆ ಉಡಿ ತುಂಬಿದೆವು. ದೇವರ ಎದುರು ಕೂತ ಹೊತ್ತಿಗೆ ನನಗೆ ಸಮಾಧಾನ ಸಿಕ್ಕಿದ್ದು ನಿಜ. ರಾತ್ರಿ ಬದಲಾಗಲಿಲ್ಲ ಎಂಬುದೂ ನಿಜ. ಸಹಿಸಲಾಗದೆ ಹೋದದ್ದು ಒಂದೇ ಮಾತು. ಚೌತಿಗೆ ತವರಿಗೆ ಹೋದಾಗ ಹಿರಿಯರೊಬ್ಬರು, ಮಗು ಹೀಗಾಗುವುದಕ್ಕೆ ತಾಯಿ ಮೊಬೈಲಿನಲ್ಲಿ ಮುಳುಗಿದ್ದೇ ಕಾರಣ, ಎತ್ತಿ ಮುದ್ದು ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಜಗುಲಿಯ ತುಂಬ ನೆಂಟರಿದ್ದರು. ಯಾರೂ ಅಲ್ಲ ಎನ್ನಲಿಲ್ಲ.

ಈ ಮಾತು ಹೊಸದಲ್ಲ ಎಂದು ಆಮೇಲೆ ಓದಿ ತಿಳಿದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯ 11 ಮಕ್ಕಳನ್ನು ನೋಡಿ ಆಟಿಸಂ ಕುರಿತು ಮೊದಲ ದೊಡ್ಡ ಬರಹ ಬರೆದ. ಅದಾದ ಮೇಲೆ ಇಪ್ಪತ್ತು ವರ್ಷಗಳ ಕಾಲ, ಓದಿದವರೇ ತಾಯಂದಿರನ್ನು ದೂರಿದರು, ತಾಯಿಯ ಎದೆ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಇದು ಮಿದುಳಿನ ರಚನೆಗೆ ಸೇರಿದ್ದು, ಸಾಕಿದ ರೀತಿಗೆ ಅಲ್ಲ ಎಂದು ಪುಸ್ತಕ ಬರೆದ. ಅವನ ಮಗನಿಗೂ ಆಟಿಸಂ ಇತ್ತು. ಅರುವತ್ತು ವರ್ಷದ ಹಿಂದೆ ಬಿದ್ದುಹೋದ ಆ ಮಾತು ನಮ್ಮ ಜಗುಲಿಗಳಲ್ಲಿ ಇನ್ನೂ ಎದ್ದು ಕೂರುತ್ತದೆ.

ಒಂದು ಊರಿನಲ್ಲಿ, ಯಾವುದೆಂದು ಬೇಡ, ಮಗುವಿಗೆ ನಿದ್ದೆ ಬರಲೆಂದು ಶೀತಕ್ಕೆ ಕೊಡುವ ಸಿರಪ್ಪನ್ನೇ ರಾತ್ರಿ ಒಂದು ಚಮಚ ಕೊಡಿ ಎಂದು ಬರೆದುಕೊಟ್ಟರು. ಮೊದಲ ರಾತ್ರಿ ಮಲಗಿದ. ಎರಡನೆಯ ರಾತ್ರಿ ಹನ್ನೆರಡರಿಂದ ಐದರವರೆಗೆ ಕುಣಿದ, ಹಣೆಯನ್ನು ಗೋಡೆಗೆ ಬಡಿದುಕೊಂಡ. ಮತ್ತು ಬರಿಸುವ ಅಂಥ ಔಷಧಿ ಕೆಲವು ಮಕ್ಕಳಲ್ಲಿ ತದ್ವಿರುದ್ಧ ಕೆಲಸ ಮಾಡಿ ಕೆರಳಿಸುತ್ತದೆ. ಇದನ್ನು ಓದುವ ತಾಯಂದಿರು ದಯವಿಟ್ಟು ಶೀತದ ಸಿರಪ್ಪನ್ನು ನಿದ್ದೆಗೆ ಕೊಡಬೇಡಿ.

ಸಂಕದ ರಾತ್ರಿಯ ಮರುದಿನ ನಮ್ಮನೆಯವರು ತೋಟಕ್ಕೆ ಹೋಗಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಸಮಯ, ಮಳೆಯ ನಡುವೆ ಒಂದು ಹೊಳವು ಸಿಕ್ಕರೆ ಬಿಡಬಾರದು, ಆದರೂ ಹೋಗಲಿಲ್ಲ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿದರು. ಹೆಬ್ಬಾಗಿಲಿಗೂ ಹಿತ್ತಿಲ ಬಾಗಿಲಿಗೂ ನಮ್ಮ ತಲೆಯ ಎತ್ತರದಲ್ಲಿ ಇನ್ನೊಂದೊಂದು ಚಿಲಕ ಕೂರಿಸಿದರು. ಬೀಗ ಹಾಕಬೇಡ ಎಂದು ನಾನು ಹಟ ಹಿಡಿದೆ: ಬೆಂಕಿ ಬಿದ್ದರೆ ಕತ್ತಲಲ್ಲಿ ಕೀಲಿಕೈ ಹುಡುಕುತ್ತ ಎಲ್ಲರೂ ಒಳಗೇ ಉಳಿಯುತ್ತೇವೆ. ಮಾರಿದ ಎಮ್ಮೆಯ ಕೊರಳ ಗಂಟೆ ಅಟ್ಟದಲ್ಲಿತ್ತು. ಅದನ್ನು ಇಳಿಸಿ ಹೆಬ್ಬಾಗಿಲಿಗೆ ಕಟ್ಟಿದೆವು. ಬಾಗಿಲು ಒಂದು ಬೆರಳಷ್ಟು ಅಲುಗಿದರೂ ಸದ್ದಾಗುತ್ತಿತ್ತು. ಕೇರಿಯ ನಾಲ್ಕೂ ಮನೆಗೆ ಹೋಗಿ ಹೇಳಿ ಬಂದೆವು: ರಾತ್ರಿ ಒಬ್ಬನೇ ಕಂಡರೆ ಕೂಗಬೇಡಿ, ಬೆನ್ನಟ್ಟಬೇಡಿ, "ಶಿರಸಿ ಬಂತು, ಇಳೀರಿ" ಎನ್ನಿ, ಕೈ ಹಿಡಿದುಕೊಳ್ಳಿ. ಹೀಗೆ ಮನೆ ಬಿಟ್ಟು ನಡೆಯುವ ಆಟಿಸಂ ಮಕ್ಕಳ ಸಾವಿಗೆ ಮೊದಲ ಕಾರಣ ನೀರು ಎಂದು ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ. ಬಾವಿ, ಕೆರೆ, ಹಳ್ಳದ ನಡುವೆಯೇ ಬದುಕುವ ನಮ್ಮ ಮಲೆನಾಡಿಗೆ ಇದಕ್ಕೆ ಲೆಕ್ಕ ಬೇಕಾಗಿಯೇ ಇಲ್ಲ.

ಮಳೆ ಕಡಿಮೆಯಾದ ಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು, ಏಳುವಾಗ ಮೈ ಸೆಟೆಯುತ್ತದೆಯೆ, ಕಣ್ಣು ಮೇಲೆ ಹೋಗುತ್ತದೆಯೆ, ಬಾಯಿಯಲ್ಲಿ ನೊರೆ ಬರುತ್ತದೆಯೆ ಎಂದು. ಆಟಿಸಂ ಇರುವ ಮಕ್ಕಳಿಗೆ ಫಿಟ್ಸ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು, ಕೆಲವರಿಗೆ ಅದು ರಾತ್ರಿಯೇ ಬರುತ್ತದೆ. ಇಇಜಿ ಮಾಡಿಸಿದೆವು, ಅಂಥದ್ದೇನೂ ಇರಲಿಲ್ಲ. ಆಮೇಲೆ ಅವರು, "ಹದಿನೈದು ರಾತ್ರಿ ಬರೆದಿಡಿ, ಆಮೇಲೆ ಮಾತಾಡೋಣ" ಎಂದರು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆವಲ್ಲ ಎಂದು ಬಸ್ಸಿನಲ್ಲಿ ನನಗೆ ದುಃಖವಾಗಿತ್ತು.

ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದೆ. ಎಷ್ಟಕ್ಕೆ ಮಲಗಿದ, ಯಾರ ಪಕ್ಕ ಮಲಗಿದ, ಎಷ್ಟಕ್ಕೆ ಎದ್ದ, ಎದ್ದು ಏನು ಮಾಡಿದ, ಕರೆಂಟು ಇತ್ತೆ, ಹಗಲು ಮಲಗಿದನೆ, ಏನು ತಿಂದ, ಹೊಟ್ಟೆ ಖಾಲಿಯಾಯಿತೆ. ಹದಿನೈದು ರಾತ್ರಿಯಲ್ಲಿ ಹದಿಮೂರು ರಾತ್ರಿ ಎದ್ದಿದ್ದ. ಅದರಲ್ಲಿ ಎಂಟು ರಾತ್ರಿ ಕರೆಂಟು ಹೋಗಿತ್ತು. ಸಂಕದ ರಾತ್ರಿಯೂ ಇರಲಿಲ್ಲವಲ್ಲ ಎಂದು ಆಗ ನೆನಪಾಯಿತು. ಉಳಿದ ಐದರಲ್ಲಿ ನಾಲ್ಕು ರಾತ್ರಿ, ಹಿಂದಿನ ಮೂರು ದಿನ ಅವನು ಹೊರಕಡೆಗೆ ಹೋಗಿರಲಿಲ್ಲ. ನಾನು ಬರೆದೆನೇ ಹೊರತು ಹೊಟ್ಟೆಯನ್ನೂ ರಾತ್ರಿ ಏಳುವುದನ್ನೂ ಕೂಡಿಸಲಿಲ್ಲ. ಕೂಡಿಸಿದ್ದು ಅತ್ತೆ. ಎದ್ದವನು ಓಡುವ ಮೊದಲು ಜಗುಲಿ ಕಟ್ಟೆಯ ಅಂಚಿಗೆ ಕವುಚಿ ಒರಗಿ ನಿಲ್ಲುತ್ತಿದ್ದ. ನಾವು ಅದನ್ನು ಆಟ ಎಂದುಕೊಂಡಿದ್ದೆವು. "ಮಾಣಿ ಹೊಟ್ಟೆ ಒತ್ಕ್ಯತ್ತ ನೋಡು, ಹೊಟ್ಟೆನೋವು ಇದ್ದಿಕ್ಕು" ಎಂದರು ಅತ್ತೆ. ನೋವು ಎಂದು ಹೇಳಲು ಬಾರದ ಮಗು ಎರಡು ವರ್ಷ ಅದನ್ನು ಕಟ್ಟೆಯ ಕಲ್ಲಿಗೆ ಹೇಳುತ್ತ ಬಂದಿದ್ದ.

ಪುಸ್ತಕ ನೋಡಿದ ಡಾಕ್ಟರು ಅತ್ತೆಯ ಮಾತು ಸರಿ ಎಂದರು. ಅವನು ತಿನ್ನುತ್ತಿದ್ದುದು ಮೂರೇ ಬಗೆ: ತೆಳ್ಳೇವು, ಬೆಲ್ಲ, ಮೊಸರನ್ನ. ಮಲಬದ್ಧತೆ ಆಗದೆ ಇನ್ನೇನು? ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ ಕಡಿಮೆ ಬಂತು, ಎಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ತೀರಿತ್ತು. ಅದು ಕಡಿಮೆಯಾದರೆ ನಿದ್ದೆಯಲ್ಲಿ ಕಾಲು ಸುಮ್ಮನಿರುವುದಿಲ್ಲ. ಕಬ್ಬಿಣದ ಔಷಧಿಯೂ ಮಲ ಕಟ್ಟುತ್ತದೆ. ಹಾಗಾಗಿ ಮೊದಲು ಹೊಟ್ಟೆ ಸರಿಮಾಡಿ, ಆಮೇಲೆ ಕಬ್ಬಿಣ ಎಂದು ಕ್ರಮ ಹಾಕಿಕೊಟ್ಟರು. ಪಪ್ಪಾಯಿ ಹಣ್ಣನ್ನು ತೆಳ್ಳೇವಿನ ಹಿಟ್ಟಿಗೆ ಹಿಸುಕಿ ಸೇರಿಸುವುದನ್ನು ಅತ್ತೆ ಕಂಡುಹಿಡಿದರು. ಮೊದಲು ಒಂದು ಚಮಚ, ವಾರ ಬಿಟ್ಟು ಎರಡು. ಬಣ್ಣ ಬದಲಾದದ್ದು ಗೊತ್ತಾದರೆ ತಟ್ಟೆ ತಳ್ಳುತ್ತಿದ್ದ.

ಮೆಲಟೋನಿನ್ ಗುಳಿಗೆಯನ್ನೂ ಸ್ವಲ್ಪ ಪ್ರಮಾಣದಲ್ಲಿ ಬರೆದುಕೊಟ್ಟರು. ಕತ್ತಲಾದಾಗ ಮಿದುಳೇ ಮಾಡಿಕೊಳ್ಳುವ ರಸ ಅದು, ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಸುವಂಥದ್ದು. ಇಂಥ ಹಲವು ಮಕ್ಕಳಲ್ಲಿ ಅದು ಕಡಿಮೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಬೇಗ ನಿದ್ದೆ ಹತ್ತಿಸುವುದಕ್ಕೆ ಅದು ಆಗುತ್ತದೆ, ನಡುರಾತ್ರಿ ಏಳುವುದನ್ನು ಅಷ್ಟಾಗಿ ತಡೆಯುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಹನ್ನೊಂದಕ್ಕೆ ಮಲಗುತ್ತಿದ್ದವನು ಒಂಬತ್ತಕ್ಕೆ ಮಲಗಿದ. ಎರಡೂವರೆ ಎರಡೂವರೆಯಾಗಿಯೇ ಉಳಿಯಿತು.

ಎರಡೂವರೆಯನ್ನು ಹಣಿದದ್ದು ಒಂದು ಮಣೆ. ಡಾಕ್ಟರು ಹೇಳಿದ್ದು ಹೀಗೆ: ನಾವೆಲ್ಲರೂ ರಾತ್ರಿ ಹಲವು ಸಲ ಎಚ್ಚರಾಗುತ್ತೇವೆ. ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪಿರುವುದಿಲ್ಲ. ನಿಮ್ಮ ಮಗ ಎಚ್ಚರಾದಾಗ ಸುತ್ತ ನೋಡುತ್ತಾನೆ. ನಿದ್ದೆ ಹೋಗುವಾಗ ತಾಯಿ ಪಕ್ಕದಲ್ಲಿದ್ದಳು, ಈಗಿಲ್ಲ. ಫ್ಯಾನ್ ತಿರುಗುತ್ತಿತ್ತು, ಈಗಿಲ್ಲ. ಅವನ ಮಟ್ಟಿಗೆ ಯಾರೋ ಮನೆಯನ್ನೇ ಬದಲಿಸಿದ್ದಾರೆ. ಹಾಗಾದರೆ ಮಲಗುವಾಗ ಏನಿರುತ್ತದೋ ಎರಡೂವರೆಗೂ ಅದೇ ಇರಬೇಕು.

ಸಣ್ಣ ಇನ್ವರ್ಟರ್ ತಂದು ಅದಕ್ಕೆ ಆ ಒಂದು ಫ್ಯಾನನ್ನು ಮಾತ್ರ ಜೋಡಿಸಿದೆವು. ಮಲೆನಾಡಿನ ಚಳಿಯಲ್ಲಿ ಫ್ಯಾನ್ ಏಕೆ ಎಂದು ಬಂದವರು ಕೇಳುತ್ತಾರೆ. ಗೋಡೆಗೆ ತಿರುಗಿಸಿಟ್ಟಿದ್ದೇವೆ, ಅವನಿಗೆ ಬೇಕಾದ್ದು ಸದ್ದು. ಇನ್ನು ನಾನು. ಪಕ್ಕದಲ್ಲಿ ಮಲಗಿ ಅವನಿಗೆ ನಿದ್ದೆ ಹತ್ತಿದ ಮೇಲೆ ಎದ್ದು ಹೋಗುತ್ತಿದ್ದೆನಲ್ಲ, ಅದನ್ನು ಬಿಟ್ಟೆ. ಮೊದಲ ವಾರ ಚಾಪೆಗೆ ತಾಗಿಸಿ ಮಣೆ ಹಾಕಿ ಕೂತೆ, ಬೆನ್ನಿನ ಮೇಲೆ ಕೈ ಒತ್ತಿ ಹಿಡಿದು. ಆಮೇಲೆ ಕೈ ತೆಗೆದೆ. ಆಮೇಲೆ ಎರಡು ಮೂರು ದಿನಕ್ಕೆ ಒಂದು ಗೇಣು ಮಣೆ ಹಿಂದೆ ಸರಿಸಿದೆ. ಗೇಣು ಹೆಚ್ಚಾದ ದಿನ ಅವನು ಎದ್ದು ಬಂದು ಮಣೆಯನ್ನು ಹಳೇ ಜಾಗಕ್ಕೆ ಎಳೆಯುತ್ತಿದ್ದ. ಅವತ್ತು ನಾನೂ ಹಳೇ ಜಾಗಕ್ಕೇ ಹೋಗುತ್ತಿದ್ದೆ. ಚಾಪೆಯಿಂದ ಹೊಸಿಲಿನವರೆಗೆ ಹತ್ತು ಹನ್ನೊಂದು ಅಡಿ. ಎಪ್ಪತ್ತಕ್ಕೂ ಹೆಚ್ಚು ರಾತ್ರಿ ಹಿಡಿಯಿತು.

ಗೋಡೆಗೆ ಎರಡು ಚಿತ್ರ ಅಂಟಿಸಿದೆ. ಚಂದ್ರನ ಕೆಳಗೆ ಚಾಪೆ, ಸೂರ್ಯನ ಕೆಳಗೆ ತೆಳ್ಳೇವು. ಎದ್ದಾಗ ಮಾತಿಲ್ಲದೆ ಚಂದ್ರನನ್ನು ತೋರಿಸುವುದು, ಚಾಪೆಗೆ ತಂದು ಬಿಡುವುದು. ಬೈಗುಳವಿಲ್ಲ, ಮುದ್ದಿಲ್ಲ, ದೊಡ್ಡ ದೀಪವಿಲ್ಲ, ಮೊಬೈಲ್ ಇಲ್ಲ, ಒಲೆ ಹಚ್ಚುವುದಿಲ್ಲ. ಮೊದಲ ವಾರ ತೆಳ್ಳೇವಿಗಾಗಿ ಅವನು ಅತ್ತ ಅಳು ಕೇಳಲಾರದೆ ಅತ್ತೆ ಕೊಟ್ಟಿಗೆಯಲ್ಲಿ ಹೋಗಿ ನಿಲ್ಲುತ್ತಿದ್ದರು.

ತವರಿನಿಂದ ಆಯಿ ಒಂದು ಕೌದಿ ಕಳಿಸಿದಳು. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಬಟ್ಟೆ ತುಂಡು ಸೇರಿಸಿ ಹೊಲಿಯುವ ಕೌದಿ. ಒಳ್ಳೇ ಭಾರ. ಭಾರದ ಹೊದಿಕೆಯಿಂದ ಇಂಥ ಮಕ್ಕಳ ನಿದ್ದೆ ಹೆಚ್ಚುತ್ತದೆಂದು ಪರೀಕ್ಷೆಯಲ್ಲಿ ರುಜುವಾಗಿಲ್ಲ, ಮಕ್ಕಳಿಗೆ ಇಷ್ಟವಾಗುತ್ತದೆ ಅಷ್ಟೇ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಇರಲಿ. ಅವನು ಅದನ್ನು ಬಿಟ್ಟು ಮಲಗುವುದಿಲ್ಲ.

ಈ ಎಲ್ಲವನ್ನೂ ಮಾಡುವುದಕ್ಕೆ ಎಚ್ಚರ ಇರುವ ಒಬ್ಬರು ಬೇಕು, ಮತ್ತು ಆ ಒಬ್ಬರು ಹಗಲೂ ದುಡಿಯುವವರಾಗಿರಬಾರದು. ನಮ್ಮಲ್ಲಿ ಅಂಥವರು ಯಾರಿದ್ದರು? ಹತ್ತರಿಂದ ಎರಡರವರೆಗೆ ನಾನು, ಎರಡರಿಂದ ಆರರವರೆಗೆ ನಮ್ಮನೆಯವರು ಎಂದು ಹೊತ್ತು ಹಂಚಿಕೊಂಡೆವು. ಕಾರ್ತೀಕ ಕಳೆದು ಅಡಿಕೆಯ ಕೊನೆಕೊಯ್ಲು ಬಂತು. ಕೊನೆಗೌಡ ಮರದ ಮೇಲೆ, ಇವರು ಕೆಳಗೆ ಹಗ್ಗ ಹಿಡಿದು. ಒಂದು ಮಧ್ಯಾಹ್ನ ಇವರು ನಿಂತಲ್ಲೇ ತೂಕಡಿಸಿ ಹಗ್ಗ ಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆಯದೆ ಜಗುಲಿಯಲ್ಲಿ ಕೂತುಬಿಟ್ಟರು.

ಅಡಿಕೆ ಸುಲಿಯುವುದು ನಮ್ಮಲ್ಲಿ ರಾತ್ರಿಯ ಕೆಲಸ. ಏಳೆಂಟು ಹೆಂಗಸರು ಅಂಗಳದ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕೂತರೆ ಹಂಡೆಗೆ ಬೇಕಾದಷ್ಟು ಆಗುವವರೆಗೆ ಏಳುವುದಿಲ್ಲ. ಕೆಲವು ದಿನ ಮೂರು ಗಂಟೆಯಾಗುತ್ತದೆ. 2019ರ ಡಿಸೆಂಬರಿನಲ್ಲಿ ಅಂಥ ಒಂದು ರಾತ್ರಿ ಮಗ ಎದ್ದು ಗಂಟೆ ಬಾರಿಸುತ್ತ ಹೊರಗೆ ಬಂದ. ನಾನು ಹಿಂದೆಯೇ ಓಡಿದೆ, ಸಾಲಾಗಿ ಕತ್ತಿಗಳಿದ್ದವಲ್ಲ. ತುದಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ತನ್ನ ಕತ್ತಿಯನ್ನು ಆಚೆ ತಿರುಗಿಸಿಟ್ಟು, ಅವನನ್ನು ತನ್ನ ಮಗ್ಗುಲಿಗೆ ಕೂರಿಸಿಕೊಂಡು, ಸುಲಿದ ಅಡಿಕೆಯ ರಾಶಿ ತೋರಿಸಿ ಬುಟ್ಟಿ ಕೊಟ್ಟಳು. ಅವನು ಒಂದೊಂದೇ ಅಡಿಕೆ ಎತ್ತಿ ಬುಟ್ಟಿಗೆ ಹಾಕತೊಡಗಿದ. ಟಪ್, ಟಪ್. ಒಂದೇ ಅಳತೆಯ ಸದ್ದು. ಅರ್ಧ ಗಂಟೆ ಅಲುಗಲಿಲ್ಲ. "ನೀವು ಹೋಗಿ ಮಲಿಕಳಿ ಅಮ್ಮ, ಹುಡ್ಗ ಇಲ್ಲೇ ಇರ್ಲಿ" ಎಂದಳು. ನನಗೆ ಹೋಗಲು ಧೈರ್ಯವಾಗಲಿಲ್ಲ. ಕಂಬಕ್ಕೆ ಒರಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಯಾರೋ ನನ್ನ ಮೇಲೆ ಕಂಬಳಿ ಹೊದಿಸಿದ್ದರು. ಮಗ ಅವಳ ಸೀರೆಯ ಸೆರಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಸುಲಿಯುವ ಕೆಲಸ ಎಂದೋ ಮುಗಿದಿತ್ತು. ಸೆರಗು ಎಳೆದರೆ ಹುಡುಗ ಏಳುತ್ತಾನೆಂದು ಅವಳು ಮನೆಗೆ ಹೋಗಿರಲಿಲ್ಲ.

ಎರಡು ವರ್ಷದಲ್ಲಿ ನಾನು ಐದು ಗಂಟೆ ಒಂದೇ ಸಮ ನಿದ್ದೆ ಮಾಡಿದ್ದು ಅದೇ ಮೊದಲು.

ಸುಗ್ಗಿ ಮುಗಿದ ಮೇಲೂ ಅವಳು ವಾರಕ್ಕೊಂದು ರಾತ್ರಿ ಬಂದಳು. ಕೂಲಿ ಕೊಟ್ಟೆವು, ತೆಗೆದುಕೊಂಡಳು. ಅದು ಅವಳ ದುಡಿಮೆ. ಅದನ್ನು ನೋಡಿ ನಾದಿನಿ ತಿಂಗಳಿಗೆರಡು ಶನಿವಾರ ಶಿರಸಿಯಿಂದ ಬರತೊಡಗಿದಳು. ಬಂದವರಿಗೆ ಹೇಳಿಕೊಡುವುದು ಸುಲಭವಿತ್ತು: ಚಂದ್ರನನ್ನು ತೋರಿಸು, ಚಾಪೆಗೆ ತಾ, ಮಣೆಯ ಮೇಲೆ ಕೂರು, ಸುಮ್ಮನಿರು.

ಅಷ್ಟರಲ್ಲಿ 2020ರ ಮಾರ್ಚ್. ಶಿರಸಿಯ ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಶಿರಸಿಯ ವಿಶೇಷ ಶಾಲೆಗೆ ಅವನು ಹೋಗುತ್ತಿದ್ದ ಬಸ್ಸು ನಿಂತಿತು. ಬೆಳಿಗ್ಗೆ ಎಂಟಕ್ಕೆ ಚೀಲ ಹಾಕಿಕೊಂಡು ನಿಲ್ಲುತ್ತಿದ್ದ, ಬಸ್ಸು ಬರುತ್ತಿರಲಿಲ್ಲ. ಹಗಲು ಕೆಟ್ಟ ಮೇಲೆ ರಾತ್ರಿ ಉಳಿಯುತ್ತದೆಯೆ? ಏಪ್ರಿಲ್ ತುಂಬ ಮತ್ತೆ ಹಳೆಯದೇ ಪಾಡು. ಕೊನೆಗೆ ನಮ್ಮನೆಯವರು ದಿನಾ ಎಂಟಕ್ಕೆ ಅವನನ್ನು ಬೈಕಿನ ಮೇಲೆ ಕೂರಿಸಿಕೊಂಡು ನಮ್ಮ ಊರಿನ ಬಸ್‌ಸ್ಟಾಪಿನವರೆಗೆ ಹೋಗಿ, ಹತ್ತು ನಿಮಿಷ ನಿಂತು, "ಇವತ್ತು ಬಸ್ಸಿಲ್ಲ" ಎಂದು ಹೇಳಿ ಕರೆತರತೊಡಗಿದರು. ಬಸ್ಸು ಇಲ್ಲದಿರುವುದೂ ದಿನಾ ಅದೇ ಹೊತ್ತಿಗೆ ಆದರೆ ಅವನಿಗೆ ಸಾಕಾಯಿತು. ಜೂನ್ ಹೊತ್ತಿಗೆ ರಾತ್ರಿ ತಿರುಗಿ ಹಾದಿಗೆ ಬಂತು, ಪೂರ್ತಿ ಬರಲು ಇನ್ನೂ ಒಂದು ವರ್ಷ ಹಿಡಿಯಿತು.

ಈಗ ಅವನಿಗೆ ಹನ್ನೊಂದು. ವಾರದಲ್ಲಿ ಎರಡು ರಾತ್ರಿ ಏಳುತ್ತಾನೆ. ಚಾಪೆಯ ಮೇಲೇ ಕೂತು ಸಿದ್ದಾಪುರದಿಂದ ಶಿರಸಿಗೆ, ಕೆಲವೊಮ್ಮೆ ಮಂಚಿಕೇರಿ ದಾಟಿ ಯಲ್ಲಾಪುರಕ್ಕೆ ಹೋಗುತ್ತಾನೆ. ಊರು ಮುಟ್ಟಿದ ಮೇಲೆ ಕೌದಿ ಎಳೆದುಕೊಂಡು ಮಲಗುತ್ತಾನೆ. ಹೊಟ್ಟೆ ನೋವಾದರೆ ಈಗ ಹೊಟ್ಟೆಯ ಚಿತ್ರ ತಂದು ಕೊಡುತ್ತಾನೆ. ಎಮ್ಮೆಯ ಗಂಟೆ ಬಾಗಿಲಿನಲ್ಲೇ ಇದೆ, ತೆಗೆಯುವುದಿಲ್ಲ.

1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಆಟಿಸಂ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲೂ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿದ್ದೇವೆ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಮಾಡಿಸದವರು ಮಾಡಿಸಿಕೊಳ್ಳಿ. ಮಗುವನ್ನು ಕೆಲವು ದಿನ ನೋಡಿಕೊಂಡು ಮನೆಯವರಿಗೆ ಬಿಡುವು ಕೊಡುವುದಕ್ಕೆಂದೇ ಸಮರ್ಥ ಎಂಬ ಯೋಜನೆಯೂ ಕಾಗದದಲ್ಲಿದೆ. ನಮಗೆ ಬೇಕಾಗಿದ್ದಾಗ ನಮ್ಮ ಕೈಗೆಟುಕುವಲ್ಲಿ ಅಂಥ ಜಾಗ ಸಿಗಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೂರು ತಾಲೂಕಿಗೆ ಸೇರಿ ನಾಲ್ಕು ಹಾಸಿಗೆಯ ಒಂದು ಮನೆ ಸಾಕು. ಕೇಳಬೇಕಾದವರು ಕೇಳಲಿ ಎಂದೇ ಬರೆಯುತ್ತಿದ್ದೇನೆ.

ಅದು ಆಗುವವರೆಗೆ ಕಾಯಬೇಡಿ. ನಿಮ್ಮ ಕೇರಿಯಲ್ಲೋ ನೆಂಟರಲ್ಲೋ ಇಂಥ ಒಂದು ಮನೆ ಇರುತ್ತದೆ. ಆ ತಾಯಿಗೆ ಯಾವ ದೇವರಿಗೆ ಹೇಳಿಕೊಳ್ಳಬೇಕೆಂದು ಹೇಳುವುದು ಬೇಡ, ಯಾವ ಡಾಕ್ಟರು ಒಳ್ಳೆಯವರೆಂದೂ ಬೇಡ. ಒಂದು ಶನಿವಾರ ಸಂಜೆ ಬಟ್ಟೆ ಚೀಲ ಹಿಡಿದು ಅವರ ಮನೆಗೆ ಹೋಗಿ. "ಇವತ್ತು ನಾನು ಕೂರುತ್ತೇನೆ, ನೀನು ಮಲಗು" ಎನ್ನಿ.